ಎಡ ಬಿಟ್ಟ ಓಟ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕುದುರೆ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ ಇದ್ದ ಹೆಸರು ಆಮೇಲೆ ಮುಖದೆದುರಿಗೇ ಬಂತು. ಅವಳೂ ಬೇಜಾರು ಮಾಡಿಕೊಳ್ಳಲಿಲ್ಲ. ಬೆಳಿಗ್ಗೆ ಮನೆಯಿಂದ ಓಡಿಯೇ ಬರುತ್ತಿದ್ದಳು, ಸಂಜೆ ಓಡಿಯೇ ಹೋಗುತ್ತಿದ್ದಳು. ನಡುವೆ ಇಡೀ ದಿನ ನಿಂತು ಮಾಡುವ ಕೆಲಸ. ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಮೂಟೆಗಟ್ಟಲೆ ಬೆಡ್‌ಶೀಟುಗಳು ಬಂದು ಬೀಳುತ್ತಿದ್ದವು. ಒಗೆದು, ಹಿಂಡಿ, ಬಿಸಿ ರೋಲರಿನ ಬಾಯಿಂದ ಹೊರಬಂದ ಶೀಟನ್ನು ಇಬ್ಬರು ಎದುರುಬದುರು ನಿಂತು ಹಿಡಿದು, ಒಮ್ಮೆ ಜೋರಾಗಿ ಝಾಡಿಸಿ, ಮೂಲೆಗೆ ಮೂಲೆ ಕೂಡಿಸಿ, ಹತ್ತಿರ ಬಂದು ಮಡಚಬೇಕು. ಮತ್ತೆ ಹಿಂದೆ ಸರಿಯಬೇಕು, ಮತ್ತೆ ಹತ್ತಿರ ಬರಬೇಕು. ಸಂಜೆಯ ಹೊತ್ತಿಗೆ ಉಳಿದವರು ಸೊಂಟ ಹಿಡಿದುಕೊಂಡು ಬಸ್ಸಿಗೆ ಕಾಯುವಾಗ ಅವಳು ಬೂಟಿನ ದಾರ ಬಿಗಿದುಕೊಳ್ಳುತ್ತಿದ್ದಳು.

ಗಂಡ ಸಿಟಿ ಬಸ್ಸಿನ ಡ್ರೈವರು. "ಈ ಊರಲ್ಲಿ ನನ್ನ ಬಸ್ಸನ್ನ ನಂಬದೇ ಇರೋಳು ಒಬ್ಬಳೇ, ನನ್ನ ಹೆಂಡ್ತಿ," ಎಂದು ಡಿಪೋದಲ್ಲಿ ಹೇಳಿಕೊಂಡು ನಗುತ್ತಿದ್ದ. ಆ ನಗುವಿನಲ್ಲಿ ಹೆಮ್ಮೆಯೇ ಹೆಚ್ಚು. ವರ್ಷಕ್ಕೊಮ್ಮೆ ಊರಿನಲ್ಲಿ ನಡೆಯುವ ಮ್ಯಾರಥಾನ್ ಓಟದ ದಿನ ಬೇಕೆಂದೇ ರಜೆ ಹಾಕಿ ರಸ್ತೆಬದಿಯಲ್ಲಿ ನೀರಿನ ಬಾಟಲಿ ಹಿಡಿದು ನಿಲ್ಲುತ್ತಿದ್ದ. ಅವಳು ಯಾವತ್ತೂ ಗೆದ್ದವಳಲ್ಲ. ಎಷ್ಟೋ ಜನ ಅವಳನ್ನು ಹಿಂದಿಕ್ಕಿ ಹೋಗುತ್ತಿದ್ದರು. ಆದರೆ ಕೊನೆಯ ಭಾಗದಲ್ಲಿ ಗಂಡಸರು ಕಾಲು ಹಿಡಿದುಕೊಂಡು ಕೂತಿರುವಾಗ ಅವಳು ಅದೇ ಹದದಲ್ಲಿ, ಗಾಳಿಯನ್ನು ಅಳೆದು ಅಳೆದು ನುಂಗಿದ ಹಾಗೆ, ಬರುತ್ತಿದ್ದಳು.

ಮನೆಯಲ್ಲಿ ಮೂರನೆಯವಳು ನಾದಿನಿ. ಮದುವೆ ಮುರಿದುಕೊಂಡು ಒಂದು ಸೂಟ್‌ಕೇಸಿನ ಜೊತೆ ಅಣ್ಣನ ಮನೆಗೆ ಬಂದಿದ್ದವಳು ಮೂರು ತಿಂಗಳು ಕೋಣೆಯ ಬಾಗಿಲು ಹಾಕಿಕೊಂಡೇ ಇದ್ದಳು. ಅವಳನ್ನು ರಟ್ಟೆ ಹಿಡಿದು ಎಬ್ಬಿಸಿ ಲಾಂಡ್ರಿಗೆ ಕರೆದುಕೊಂಡು ಹೋಗಿ, ತನ್ನ ಶೀಟಿನ ಇನ್ನೊಂದು ತುದಿ ಕೈಗೆ ಕೊಟ್ಟವಳು ಅತ್ತಿಗೆಯೇ. "ಅಳೋದಾದ್ರೆ ಅಳು. ಮೂಲೆ ಮಾತ್ರ ಸರಿಯಾಗಿ ಹಿಡಿ," ಎಂದಿದ್ದಳು. ಅಂದಿನಿಂದ ಅವರಿಬ್ಬರದು ಒಂದೇ ಜೋಡಿ.

ಅದು ಆದದ್ದೂ ಹಾಗೆ ಮಡಚುತ್ತಿರುವಾಗಲೇ. ಶೀಟು ಝಾಡಿಸಿದರು, ಬಟ್ಟೆ ಗಾಳಿ ತುಂಬಿ ಮೇಲೆದ್ದು ಇಬ್ಬರ ನಡುವೆ ಪರದೆಯಾಯಿತು, ಅದು ಕೆಳಗಿಳಿದಾಗ ಆಚೆ ತುದಿಯಲ್ಲಿ ಅತ್ತಿಗೆ ಇರಲಿಲ್ಲ. ನೆಲದ ಮೇಲಿದ್ದಳು. ತಲೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, "ಯಾರೋ ಹೊಡೆದ್ರು ಕಣೇ," ಎಂದಳಂತೆ. ಆಮೇಲೆ ವಾಂತಿ. ಆಮೇಲೆ ಮಾತಿಲ್ಲ.

ಮೆದುಳಿನ ಬಲಭಾಗದಲ್ಲಿ ರಕ್ತನಾಳ ಒಡೆದಿತ್ತು. ತಲೆಬುರುಡೆ ತೆರೆದು ಆಪರೇಷನ್ ಮಾಡಿದರು. ಇಂಥವರಲ್ಲಿ ಎಷ್ಟೋ ಜನ ಆಸ್ಪತ್ರೆಯ ಮೆಟ್ಟಿಲನ್ನೇ ಮುಟ್ಟುವುದಿಲ್ಲ, ನಿಮ್ಮಾಕೆ ಗಟ್ಟಿಗಿತ್ತಿ ಎಂದು ಡಾಕ್ಟರಮ್ಮ ಹೇಳಿದಾಗ ಗಂಡ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಹಣೆಯಿಟ್ಟು ಮಗುವಿನ ಹಾಗೆ ಅತ್ತ. ಬದುಕಿದೆಯಾ ಬಡಜೀವವೇ ಎಂದುಕೊಂಡರು ಎಲ್ಲರೂ. ಅವಳು ಕಣ್ಣು ಬಿಟ್ಟಳು, ಗಂಡನನ್ನು ಗುರುತಿಸಿದಳು, ನಾದಿನಿಯನ್ನು ಹೆಸರಿಟ್ಟು ಕರೆದಳು. ಇನ್ನೇನು ಬೇಕು?

ಆದರೆ ಎರಡು ದಿನ ಕಳೆದ ಮೇಲೆ ಅವಳು ಸಿಡುಕತೊಡಗಿದಳು. "ಇಷ್ಟೇ ಇಷ್ಟು ಊಟ ಕೊಡ್ತಾರಲ್ರೀ, ಕೋಳಿಗೆ ಹಾಕ್ದಂಗೆ."

ಗಂಡ ತಟ್ಟೆ ನೋಡಿದ. ಬಲಗಡೆಯ ಅರ್ಧ, ಕೈಯಿಂದ ಒರೆಸಿದಷ್ಟು ಖಾಲಿ. ಎಡಗಡೆಯ ಅರ್ಧ ಮುಟ್ಟಿಯೇ ಇಲ್ಲ. ಅವನು ಅವಳೆದುರೇ ತಟ್ಟೆಯನ್ನು ತಿರುಗಿಸಿಟ್ಟ. "ಹಾಂ, ಈಗ ತಂದ್ರಾ?" ಎಂದು ಅವಳು ಉಳಿದದ್ದನ್ನೂ ಉಂಡಳು.

ಕಣ್ಣು ಸರಿಯಾಗಿಯೇ ಇದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಕಂಡದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಜಾಗ ಹಾಳಾಗಿದೆ. ಅವಳ ಪಾಲಿಗೆ ಎಡ ಎನ್ನುವುದು ಕತ್ತಲೆಯಲ್ಲ, ಮಂಜೂ ಅಲ್ಲ; ಅದು ಇಲ್ಲವೇ ಇಲ್ಲ. ಇಲ್ಲದ್ದನ್ನು ಇಲ್ಲ ಎಂದು ತಿಳಿಯುವುದಾದರೂ ಹೇಗೆ? ಹಾಗಾಗಿ ಅವಳಿಗೆ ತನ್ನದೇನೋ ತಪ್ಪಿದೆ ಎಂದು ಅನ್ನಿಸುತ್ತಿರಲಿಲ್ಲ. ಬಾಗಿಲ ಚೌಕಟ್ಟು ತಾನಾಗಿ ಬಂದು ಭುಜಕ್ಕೆ ಬಡಿಯುತ್ತಿತ್ತು. ಎಡಗಡೆ ಕೂತವರ ಮಾತು ಗೋಡೆಯೊಳಗಿಂದ ಬರುತ್ತಿತ್ತು. ತಲೆ ಬಾಚಿಕೊಂಡು ಮುಗಿಯಿತು ಎಂದು ಎದ್ದರೆ ಅರ್ಧ ತಲೆ ಕೆದರಿಯೇ ಇರುತ್ತಿತ್ತು.

ವಿಚಿತ್ರವೆಂದರೆ ಕಾಲುಗಳು ಬೇಗ ಮರಳಿ ಬಂದವು. ವ್ಯಾಯಾಮ ಮಾಡಿಸುವ ಹುಡುಗಿಯೇ ಬೆರಗಾದಳು. "ಇಷ್ಟು ವರ್ಷ ಓಡಿದ್ದು ದಂಡ ಆಗ್ಲಿಲ್ಲ ನೋಡಿ." ಮನೆಗೆ ಹೊರಡುವ ದಿನ ಅವಳು ಡಾಕ್ಟರಮ್ಮನನ್ನು ಕೇಳಿದಳು, "ನಾನು ಓಡಬಹುದಾ?"

"ಇನ್ನು ಕೆಲವು ತಿಂಗಳು ಬಿಟ್ಟು ಓಡಬಹುದು. ಆದ್ರೆ ಒಬ್ಬರೇ ಬೇಡ, ರಸ್ತೆ ಮೇಲಂತೂ ಬೇಡವೇ ಬೇಡ."

ತಟ್ಟೆಯಲ್ಲಿ ಹೇಗೋ ಮಾತಿನಲ್ಲೂ ಹಾಗೆ, ಅವಳು ಅರ್ಧವನ್ನೇ ಎತ್ತಿಕೊಂಡಳು.

ಒಂದು ಬೆಳಿಗ್ಗೆ ಗಂಡ ಡ್ಯೂಟಿಗೆ ಹೋದ ಮೇಲೆ, ನಾದಿನಿ ಸ್ನಾನಕ್ಕೆ ಹೋದದ್ದೇ ತಡ, ಬೂಟು ಹಾಕಿಕೊಂಡು ಕಾಲಿಗೆ ಬುದ್ಧಿ ಹೇಳಿದಳು. ಬುದ್ಧಿ ಹೇಳಬೇಕಾದ ತಲೆಯೇ ಅರ್ಧ ರಜೆಯಲ್ಲಿದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಏನು ಸುಖ! ಉಸಿರು ಮೊದಲು ತಡವರಿಸಿತು, ಆಮೇಲೆ ಹದಕ್ಕೆ ಬಂತು. ಪಾದ ನೆಲಕ್ಕೆ ಬೀಳುವ ಸದ್ದು ಕಿವಿಗೆ ತುಂಬಿತು. ಪಕ್ಕದಲ್ಲಿ ಅಂಗಡಿಗಳ ಶಟರುಗಳು ಮೇಲೇಳುತ್ತಿದ್ದವು, ಯಾರೋ ಬಾಗಿಲ ಮುಂದೆ ನೀರು ಹೊಯ್ಯುತ್ತಿದ್ದರು. ಅವಳು ಹಳೆಯ ದಾರಿಯನ್ನೇ ಹಿಡಿದಿದ್ದಳು: ದೊಡ್ಡ ರಸ್ತೆ, ಆಮೇಲೆ ಹೊಳೆಯ ಸೇತುವೆ, ಸೇತುವೆ ದಾಟಿ ಲಾಂಡ್ರಿ. ಸೇತುವೆ ಇನ್ನೇನು ಬರಬೇಕು, ಇನ್ನೇನು ಬರಬೇಕು ಎಂದು ಓಡಿದಳು. ಬೆವರು ಹರಿಯಿತು. ಖುಷಿಗೆ ಕಣ್ಣು ತುಂಬಿತು.

"ಏನಮ್ಮಾ, ಯಾರನ್ನಾದ್ರೂ ಹುಡುಕ್ತಿದ್ದೀರಾ?"

ಔಷಧಿ ಅಂಗಡಿಯವನು. ಅವಳ ಬೀದಿಯ ಮೂಲೆಯ ಔಷಧಿ ಅಂಗಡಿಯವನು. ಅವಳು ನಿಂತಳು.

"ನೀವು ಇಲ್ಲಿ?"

"ನಾನು ಇಲ್ಲೇ ಇರ್ತೀನಲ್ಲಮ್ಮಾ. ನೀವೇ ಆಗ್ಲಿಂದ ನಮ್ಮ ಅಂಗಡಿ ಮುಂದೆ ಸುತ್ತುತಾ ಇದ್ದೀರಿ. ಬಾಗಿಲು ತೆಗೆದಾಗ್ಲಿಂದ ನೋಡ್ತಿದ್ದೀನಿ. ನಾಲ್ಕೈದು ಸಲ ಆಯ್ತು."

ಬಲಕ್ಕೆ ತಿರುಗಿದ್ದಳು, ಮತ್ತೆ ಬಲಕ್ಕೆ, ಮತ್ತೆ ಬಲಕ್ಕೆ. ಗಾಣದೆತ್ತಿನ ಹಾಗೆ ತನ್ನ ಮನೆಯ ಸಾಲನ್ನೇ ಸುತ್ತಿದ್ದಳು. ಎಡಕ್ಕೆ ತಿರುಗುವ ದೊಡ್ಡ ರಸ್ತೆ ಅವಳಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಅವಳನ್ನು ನಡುಗಿಸಿದ್ದು ದಾರಿ ತಪ್ಪಿದ್ದಲ್ಲ. ಅಷ್ಟು ಹೊತ್ತೂ ತಾನು ಸರಿಯಾಗಿ ಹೋಗುತ್ತಿದ್ದೇನೆ ಎಂದು ಎಷ್ಟು ಖಂಡಿತವಾಗಿ ಗೊತ್ತಿತ್ತು! ಈಗಲೂ, ಈ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ ಎಂದೇ ಮನಸ್ಸು ಹೇಳುತ್ತಿತ್ತು.

ಸಂಜೆ ಗಂಡನಿಗೆ ವಿಷಯ ಮುಟ್ಟಿತು. ಅವನು ಬೈಯಲಿಲ್ಲ. ಸಮವಸ್ತ್ರದಲ್ಲೇ ಮಂಚದ ತುದಿಯಲ್ಲಿ, ಅವಳ ಬಲಕ್ಕೆ, ಕೂತ.

"ನಾನು ಬಸ್ ಓಡಿಸೋನು ಕಣೇ. ರಸ್ತೆ ಮೇಲೆ ಯಾರು ಯಾವಾಗ ಅಡ್ಡ ಬರ್ತಾರೋ ಅಂತ ದಿನಾ ಜೀವ ಕೈಯಲ್ಲಿ ಹಿಡ್ಕೊಂಡಿರ್ತೀನಿ. ಇವತ್ತು ನನ್ನ ಬಸ್ಸಿಗೇ ನೀನು ಅಡ್ಡ ಬಂದಿದ್ರೆ?"

"ಬಂದಿಲ್ವಲ್ಲ."

"ಬದುಕಿದ್ದೀಯಲ್ಲ, ಅಷ್ಟು ಸಾಲದಾ?"

"ಸಾಲದು ರೀ," ಎಂದಳು.

ಬಾಗಿಲಲ್ಲಿ ನಿಂತಿದ್ದ ನಾದಿನಿ ಅಂದಳು, "ನಾನು ಜೊತೆಗೆ ಓಡ್ತೀನಿ."

ಅಣ್ಣ ನಕ್ಕುಬಿಟ್ಟ. ಹುಟ್ಟಿದಾಗಿನಿಂದ ತಂಗಿ ಓಡಿದ್ದೆಂದರೆ ಹೊರಟ ಬಸ್ಸಿನ ಹಿಂದೆ ಮಾತ್ರ. ಅದನ್ನೂ ಹಿಡಿದದ್ದಿಲ್ಲ. ಆದರೆ ತಂಗಿ ನಗಲಿಲ್ಲ. "ಕಣ್ಣು ಕಾಣದೋರು ಓಡ್ತಾರಲ್ಲ, ಇನ್ನೊಬ್ಬರ ಕೈಗೆ ಪಟ್ಟಿ ಕಟ್ಕೊಂಡು. ಹಾಗೆ. ನಾನು ಅತ್ತಿಗೆ ಬಲಗಡೆ ಇರ್ತೀನಿ, ಅವರಿಗೆ ಕಾಣ್ತೀನಿ." ಲಾಂಡ್ರಿಯಿಂದ ಹರಿದ ಶೀಟಿನ ಅಂಚು ತಂದು ಮಡಚಿ ಹೊಲಿದು ಪಟ್ಟಿ ಮಾಡಿದಳು. ಒಂದು ಕುಣಿಕೆ ಅತ್ತಿಗೆಯ ಬಲಗೈಗೆ, ಇನ್ನೊಂದು ತನ್ನ ಎಡಗೈಗೆ.

ಹೊಳೆಯ ದಂಡೆಯ ಮೇಲೆ ವಾಹನಗಳಿಲ್ಲದ ಮಣ್ಣಿನ ದಾರಿಯೊಂದಿತ್ತು. ಅಲ್ಲಿ ಶುರುಮಾಡಿದರು. ಮೊದಲ ವಾರಗಳಲ್ಲಿ ನಾದಿನಿ ಎರಡು ವಿದ್ಯುತ್ ಕಂಬ ದಾಟುವಷ್ಟರಲ್ಲಿ ಏದುಸಿರು ಬಿಟ್ಟು ಬಗ್ಗಿ ನಿಲ್ಲುತ್ತಿದ್ದಳು. ಅತ್ತಿಗೆ ಹೇಳಿಕೊಡುತ್ತಿದ್ದಳು: "ಭುಜ ಕೆಳಗಿಳಿಸು. ಮುಷ್ಟಿ ಬಿಗೀಬೇಡ, ಕೈಯಲ್ಲಿ ಚಿಟ್ಟೆ ಹಿಡಿದಿದ್ದೀನಿ ಅಂದ್ಕೋ. ಬೇಗ ಓಡೋದು ಮುಖ್ಯ ಅಲ್ಲ, ಮಾತಾಡ್ತಾ ಓಡೋಕಾಗ್ಬೇಕು." ಆ ದಿನಗಳಲ್ಲಿ ಅವಳಿಗೆ ತಾನು ಮತ್ತೆ ತಾನಾದ ಹಾಗೆ ಅನ್ನಿಸಿತು. ಹೇಳಿಕೊಡುವವಳು ತಾನು, ಕಾಯುವವಳು ತಾನು. ಲಾಂಡ್ರಿಗೂ ಮರಳಿ ಹೋದಳು. ಶೀಟು ಮಡಚಲು ಆಗದು. ಬಿಳಿ ಬಟ್ಟೆ, ಬಣ್ಣದ ಬಟ್ಟೆ ಬೇರೆ ಮಾಡುವ ಕೆಲಸ ಕೊಟ್ಟು ಬುಟ್ಟಿಗಳನ್ನು ಅವಳ ಬಲಕ್ಕೆ ಇಟ್ಟರು. "ಕುದುರೆಗೆ ಎಡಾನೇ ಇಲ್ಲ ಅಂದ್ಮೇಲೆ ಇನ್ನು ಎಡವೋ ಭಯ ಇಲ್ಲ ಬಿಡ್ರಿ," ಎಂದು ರೋಲರಿನವನು ತಮಾಷೆ ಮಾಡಿದ. ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ಈ ವರ್ಷದ ಮ್ಯಾರಥಾನಿಗೆ ಇಬ್ಬರ ಹೆಸರನ್ನೂ ಕೊಟ್ಟಳು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು, ರಕ್ತದೊತ್ತಡ ನೋಡಿದರು, ಸುಸ್ತಾದರೆ ನಿಲ್ಲಿಸಿಬಿಡಿ ಎಂದು ನಾದಿನಿಯ ಕಡೆ ತಿರುಗಿ ಹೇಳಿದರು.

ತಿಂಗಳುಗಳು ಕಳೆದವು. ನಾದಿನಿಯ ಏದುಸಿರು ನಿಂತಿತು. ಆಮೇಲೆ ಉಸಿರಿನ ಸದ್ದೇ ಕೇಳಿಸದಾಯಿತು. ಅತ್ತಿಗೆ ಇದನ್ನು ಗಮನಿಸಿದಳು. ತನ್ನದು ಮಾತ್ರ ಒಂದು ಹಂತಕ್ಕೆ ಬಂದು ನಿಂತುಬಿಟ್ಟಿತ್ತು. ಕಾಲಿಗೆ ಶಕ್ತಿಯಿತ್ತು, ಎದೆಗೆ ದಮ್ಮಿತ್ತು. ದಣಿದಷ್ಟೂ ತಲೆ ಬಲಕ್ಕೆ ಬಲಕ್ಕೆ ತಿರುಗಿ ಮೈಯೆಲ್ಲ ಅತ್ತಲೇ ವಾಲುತ್ತಿತ್ತು. ಪಕ್ಕದಲ್ಲಿದ್ದವಳು ಭುಜಕೊಟ್ಟು ಅವಳನ್ನು ದಾರಿಗೆ ತಳ್ಳುತ್ತಾ ಓಡಬೇಕು. ಒಮ್ಮೆ ಮನೆಯಲ್ಲಿ ನಾದಿನಿ ತೋಳಿಲ್ಲದ ಅಂಗಿ ಹಾಕಿಕೊಂಡು ಬಟ್ಟೆ ಹರವುತ್ತಿದ್ದಾಗ ಅತ್ತಿಗೆಗೆ ಆ ತೋಳು ಕಂಡಿತು. ಭುಜದಿಂದ ಮೊಣಕೈವರೆಗೆ ನೀಲಿ, ಹಳದಿ, ಮತ್ತೆ ನೀಲಿ. ಹಳೆಯ ಗಾಯದ ಮೇಲೆ ಹೊಸ ಗಾಯ.

"ಇದೇನೇ?"

"ಬಾಗಿಲಿಗೆ ತಗುಲ್ತು ಅತ್ತಿಗೆ."

ಬಾಗಿಲಿಗೆ ಬಡಿದುಕೊಳ್ಳುವವಳು ಈ ಮನೆಯಲ್ಲಿ ಯಾರು ಎಂದು ಇಬ್ಬರಿಗೂ ಗೊತ್ತಿತ್ತು. ಅತ್ತಿಗೆ ಆ ಮಾತನ್ನು ಮುಂದುವರಿಸಲಿಲ್ಲ. ಮುಂದುವರಿಸಿದ್ದರೆ ಓಟ ಬಿಡಬೇಕಾಗುತ್ತಿತ್ತು.

ಮ್ಯಾರಥಾನಿನ ಬೆಳಿಗ್ಗೆ ತಣ್ಣಗಿತ್ತು, ಬಿಸಿಲಿರಲಿಲ್ಲ. ಓಡುವವರು ಬೇಡಿಕೊಳ್ಳುವಂಥ ಬೆಳಿಗ್ಗೆ. ಜನಜಂಗುಳಿಯ ನಡುವೆ ಇಬ್ಬರೂ ಕೊನೆಯಲ್ಲಿ ನಿಂತು ಹೊರಟರು. ಗಂಡ ಎಂದಿನ ಜಾಗದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದ. ಅವನನ್ನು ದಾಟುವಾಗ "ಭೇಷ್! ಭೇಷ್!" ಎಂದು ಅವನು ಕೂಗಿದ್ದು ಅವಳಿಗೆ ಕೇಳಿಸಿತು. ಅವನು ಕಾಣಲಿಲ್ಲ. ಎಡಗಡೆ ನಿಂತಿದ್ದನೇನೋ. ಅವಳು ಸುಮ್ಮನೆ ಕೈಬೀಸಿದಳು, ಬಲಗಡೆಯ ಯಾರಿಗೋ.

ಅರ್ಧ ದಾರಿಯವರೆಗೂ ಎಲ್ಲ ಚೆನ್ನಾಗಿಯೇ ಇತ್ತು. ನಾದಿನಿ ಮೆಲ್ಲಗೆ ಹೇಳುತ್ತಾ ಬರುತ್ತಿದ್ದಳು: "ಈಗ ಎಡಕ್ಕೆ ತಿರುಗ್ತೀವಿ ಅತ್ತಿಗೆ, ಮುಂದೆ ಇಳಿಜಾರು, ಪಕ್ಕದಲ್ಲಿ ಒಬ್ಬರು ದಾಟ್ತಾರೆ." ಆಮೇಲೆ ದಣಿವು ಏರತೊಡಗಿತು. ಹಿಂದೆಯೂ ಈ ದಣಿವು ಬರುತ್ತಿತ್ತು. ಹಲ್ಲು ಕಚ್ಚಿ ಅದರ ಒಳಗೆ ಹೊಕ್ಕು ಆಚೆ ಬರುವುದು ಅವಳಿಗೆ ಗೊತ್ತಿತ್ತು. ಈಗ ಒಳಗೆ ಹೊಕ್ಕಷ್ಟೂ ರಸ್ತೆ ಸಣ್ಣದಾಯಿತು. ಅಗಲವಾಗಿದ್ದ ರಸ್ತೆ ಓಣಿಯಾಯಿತು, ಓಣಿ ಬಲಗಡೆಯ ಒಂದು ಪಟ್ಟೆಯಾಯಿತು. ಆ ಪಟ್ಟೆಯಲ್ಲಿ ನಾದಿನಿ ಇದ್ದಳು. ಅವಳು ಯಾಕೆ ದಾರಿಗೆ ಅಡ್ಡ ಬರುತ್ತಿದ್ದಾಳೆ ಎಂದು ಸಿಟ್ಟು ಬಂತು. "ಸರಿಯೇ ಆಚೆ," ಎಂದು ಭುಜದಿಂದ ನೂಕಿದಳು.

"ಅತ್ತಿಗೆ, ಇನ್ನು ಜಾಗ ಇಲ್ಲ..."

ಮತ್ತೆ ನೂಕಿದಳು. ನಾದಿನಿಯ ಪಾದ ರಸ್ತೆಯಂಚಿನ ಕಲ್ಲಿಗೆ ತಾಗಿತು. ಬಿದ್ದಳು. ಪಟ್ಟಿ ಎಳೆದು ಅತ್ತಿಗೆಯೂ ಅವಳ ಮೇಲೆ ಕುಸಿದಳು.

ನಾದಿನಿಯ ಮಂಡಿ ತರಚಿ ರಕ್ತ ಬರುತ್ತಿತ್ತು. ಅವಳು ಅದನ್ನು ನೋಡಿಕೊಳ್ಳದೆ ಅತ್ತಿಗೆಯ ತಲೆ ಮುಟ್ಟಿ ಮುಟ್ಟಿ ನೋಡಿದಳು. "ತಲೆಗೆ ಏಟಾಗ್ಲಿಲ್ಲ ತಾನೇ? ತಲೆಗೆ ಏನೂ ಆಗ್ಲಿಲ್ಲ ತಾನೇ?"

ಅಷ್ಟು ಹತ್ತಿರದಲ್ಲಿ ಅತ್ತಿಗೆ ಅವಳ ಉಸಿರನ್ನು ಕೇಳಿದಳು. ಅದು ಮನೆಯಲ್ಲಿ ಕೂತು ತರಕಾರಿ ಹೆಚ್ಚುವವಳ ಉಸಿರಾಗಿತ್ತು. ಇಷ್ಟು ದೂರ ಓಡಿ ಬಂದಿದ್ದರೂ ಅವಳಿಗೆ ದಣಿವೇ ಆಗಿರಲಿಲ್ಲ. ಇಷ್ಟು ತಿಂಗಳೂ ಲಗಾಮು ಎಳೆದುಕೊಂಡು ಓಡುತ್ತಿದ್ದವಳು ಇವಳು. ಕುದುರೆ ಇವಳಾಗಿದ್ದಳು.

ಅತ್ತಿಗೆ ಹಲ್ಲಿನಿಂದ ಕಚ್ಚಿ ತನ್ನ ಕೈಯ ಪಟ್ಟಿ ಬಿಚ್ಚತೊಡಗಿದಳು.

"ಏನ್ ಮಾಡ್ತಿದ್ದೀರಿ?"

"ನೀನು ಹೋಗು."

"ನಿಮ್ಮನ್ನ ಬಿಟ್ಟಾ? ಹುಚ್ಚಾ ನಿಮಗೆ?"

"ನನ್ನ ತಲೆ ಹಾಳಾಗಿರೋದು ಕಣೇ, ಕಿವಿ ಅಲ್ಲ. ನಿನ್ನ ಉಸಿರು ಕೇಳಿಸ್ತಿದೆ ನನಗೆ. ನಿನಗೆ ಓಡೋಕೆ ಇಷ್ಟ ಇದೆ. ಸುಳ್ಳು ಹೇಳ್ಬೇಡ."

ನಾದಿನಿ ಸುಳ್ಳು ಹೇಳಲಿಲ್ಲ. ನೀರು ಕೊಡುವ ಮೇಜಿನಿಂದ ಒಬ್ಬಾಕೆ ಓಡಿಬಂದು, "ನಾನು ಇವರ ಜೊತೆ ಇರ್ತೀನಿ," ಎಂದಳು. ಅತ್ತಿಗೆ ನಾದಿನಿಯ ಬೆನ್ನ ಮೇಲೆ ಒಂದು ಬಿಟ್ಟಳು, ಮೆತ್ತಗೇನಲ್ಲ. "ಏಳು. ಮೈ ತಣ್ಣಗಾದ್ರೆ ಕಾಲು ಹಿಡ್ಕೊಳ್ಳುತ್ತೆ."

ನಾದಿನಿ ಎದ್ದಳು. ಮೊದಲು ಕುಂಟುತ್ತಾ, ಆಮೇಲೆ ಕುಂಟದೆ. ಒಮ್ಮೆಯಾದರೂ ಹಿಂತಿರುಗಿ ನೋಡಿಯಾಳು ಎಂದು ಅತ್ತಿಗೆ ಕಾದಳು. ತಿರುಗಿ ಬರಲಿ ಎಂದೂ ಒಳಗೊಳಗೇ ಬೇಡಿಕೊಂಡಳು, ಬರಬಾರದೆಂದೂ. ಭುಜ ಇಳಿದಿತ್ತು, ಕೈ ಹಗುರವಾಗಿತ್ತು. ಹೇಳಿಕೊಟ್ಟದ್ದೆಲ್ಲ ಆ ಮೈಯಲ್ಲಿ ಸರಿಯಾಗಿ ಕೂತಿತ್ತು. ಮುಂದೆ ರಸ್ತೆ ಎಡಕ್ಕೆ ಹೊರಳುತ್ತಿತ್ತು. ಅಲ್ಲಿಗೆ ಮುಟ್ಟಿದ್ದೇ ಅವಳು ಮಾಯವಾದಳು. ಬಟ್ಟೆಯ ಮೇಲಿನ ಕಲೆ ತೊಳೆದುಹೋದ ಹಾಗೆ, ಇದ್ದವಳೇ ಅಲ್ಲ ಎಂಬ ಹಾಗೆ.

ಅತ್ತಿಗೆ ಆ ಮೇಲೆ ಓಡಲಿಲ್ಲ. ಯಾರೂ ಓಡು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಗಂಡನ ಮುಖದಲ್ಲಿ ನಿರಾಳ ಕಂಡಿತು. ಅದನ್ನು ಅವನು ಅಡಗಿಸಲು ಪಟ್ಟ ಪಾಡೂ ಕಂಡಿತು. ಲಾಂಡ್ರಿಗೆ ಈಗ ಅವನ ಬಸ್ಸಿನಲ್ಲೇ ಹೋಗುತ್ತಾಳೆ, ಚಾಲಕನ ಹಿಂದಿನ ಸೀಟಿನಲ್ಲಿ, ಕಿಟಕಿಗೆ ತಲೆಯಾನಿಸಿ. ಕೆಲವೊಮ್ಮೆ ಹೊಟ್ಟೆಕಿಚ್ಚು ಎಷ್ಟಾಗುತ್ತದೆಂದರೆ, ಬೆಳಿಗ್ಗೆ ನಾದಿನಿ ಬೂಟು ಬಿಗಿಯುವ ಸದ್ದು ಕೇಳಿದರೆ ಹೊದಿಕೆ ತಲೆಯ ಮೇಲೆ ಎಳೆದುಕೊಳ್ಳುತ್ತಾಳೆ. ನಾದಿನಿಗೂ ಇದು ಗೊತ್ತು. ಬೂಟನ್ನು ಹೊರಗೆ ಮೆಟ್ಟಿಲ ಮೇಲೆ ಕೂತು ಹಾಕಿಕೊಳ್ಳುತ್ತಾಳೆ. ಅಳುತ್ತಾ ಶೀಟು ಹಿಡಿದು ನಿಂತಿದ್ದ ಹುಡುಗಿ ಅವಳಲ್ಲಿ ಈಗ ಎಲ್ಲೂ ಇಲ್ಲ. ನಗುತ್ತಾಳೆ, ಹಾಡಿಕೊಳ್ಳುತ್ತಾಳೆ, ಅತ್ತಿಗೆ ಎದುರಾದರೆ ಹಾಡು ನಿಲ್ಲಿಸುತ್ತಾಳೆ.

ಮರುವರ್ಷದ ಓಟದಲ್ಲಿ ನಾದಿನಿ ಒಬ್ಬಳೇ ಓಡಿದಳು. ಅತ್ತಿಗೆ ನೋಡಲು ಹೋಗಲಿಲ್ಲ. ಮಧ್ಯಾಹ್ನ ನಾದಿನಿ ಗೋಡೆ ಹಿಡಿದುಕೊಂಡು ಮನೆಗೆ ಬಂದು ಕುರ್ಚಿಯಲ್ಲಿ ಕುಸಿದಳು. ಬೂಟು ತೆಗೆದರೆ ಪಾದವೆಲ್ಲ ಬೊಬ್ಬೆ.

"ಕೂತ್ಕೋ, ಮುಟ್ಟಬೇಡ," ಎಂದು ಅತ್ತಿಗೆ ಎದ್ದಳು. ಇದು ಅವಳಿಗೆ ಗೊತ್ತಿದ್ದ ಕೆಲಸ. ಬಿಸಿನೀರು ತಂದಳು, ಸೂಜಿಯನ್ನು ಬೆಂಕಿಗೆ ಹಿಡಿದಳು, ಬೊಬ್ಬೆಯ ಬುಡದಲ್ಲಿ ಚುಚ್ಚಿ ನೀರು ತೆಗೆದಳು, ಚರ್ಮ ಕೀಳದೆ ಹಾಗೆಯೇ ಒತ್ತಿ ಮುಲಾಮು ಹಚ್ಚಿದಳು. ಮೆತ್ತನೆಯ ಬಟ್ಟೆ ಸುತ್ತಿ, ಬೆರಳುಗಳ ನಡುವೆ ಹತ್ತಿ ಇಟ್ಟಳು. "ಮುಂದಿನ ಸಲ ಹೊಸ ಕಾಲುಚೀಲ ಹಾಕ್ಕೊಂಡು ಓಡ್ಬೇಡ ಮಾರಾಯ್ತಿ. ಯಾರೂ ಹೇಳ್ಲಿಲ್ವಾ ನಿನಗೆ?"

"ಹೇಳೋರು ಮಲಗಿದ್ರಲ್ಲ," ಎಂದಳು ನಾದಿನಿ. ಇಬ್ಬರೂ ಸ್ವಲ್ಪ ನಕ್ಕರು. ಬಹಳ ದಿನದ ಮೇಲೆ ಜೊತೆಗೆ ನಕ್ಕದ್ದು. ಕೆಲಸ ಮುಗಿಯಿತು ಎಂದು ಅತ್ತಿಗೆ ಬೋಗುಣಿ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ನೀರು ಚೆಲ್ಲಿ, ಕೈ ಒರೆಸಿಕೊಳ್ಳಲು ಬಟ್ಟೆಗೆಂದು ತಿರುಗಿದಾಗ ಬಾಗಿಲಿನಿಂದ, ಈಗ ಬಲಗಡೆಗೆ ಬಂದ ಕುರ್ಚಿ ಪೂರ್ತಿಯಾಗಿ ಕಂಡಿತು. ನಾದಿನಿ ಬಗ್ಗಿ, ತುಟಿ ಕಚ್ಚಿಕೊಂಡು, ತನ್ನ ಇನ್ನೊಂದು ಪಾದದ ಬೊಬ್ಬೆಗಳಿಗೆ ತಾನೇ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಅದು ಮೊದಲಿನದಕ್ಕಿಂತ ಹಾಳಾಗಿತ್ತು.

ಅತ್ತಿಗೆ ನಿಂತದ್ದು ತಿಳಿದು ಅವಳು ಪಾದವನ್ನು ಸರಕ್ಕನೆ ಕುರ್ಚಿಯ ಕೆಳಗೆ ಎಳೆದುಕೊಂಡಳು.

"ಅದಕ್ಕೂ ಆಗಿತ್ತಾ?"

"ಇಲ್ಲ ಅತ್ತಿಗೆ. ಸುಮ್ನೆ ಒರೆಸ್ಕೊತಿದ್ದೆ."

ಮೊದಲಾಗಿದ್ದರೆ ಹೇಳುತ್ತಿದ್ದಳು. ಎಡಗಡೆ ನೋಡಿ ಅತ್ತಿಗೆ, ಇನ್ನೊಂದು ಉಳೀತು ಎಂದು ಹೇಳಿ, ತಲೆ ಹಿಡಿದು ತಿರುಗಿಸಿಯಾದರೂ ತೋರಿಸುತ್ತಿದ್ದಳು. ಗಂಡನೂ ಹಾಗೆಯೇ, ತಟ್ಟೆಯನ್ನು ಈಗ ಮಾತಿಲ್ಲದೆ ತಿರುಗಿಸಿಡುತ್ತಾನೆ, ಅವಳು ಬೇರೆತ್ತಲೋ ನೋಡುವ ಹೊತ್ತಿಗೆ. ಯಾವಾಗಿನಿಂದ ಹೀಗಾಯಿತು? ಇನ್ನೂ ಏನೇನನ್ನು ಬಿಟ್ಟಿದ್ದಾಳೋ, ಯಾರು ಯಾರು ಅವಳ ಹಿಂದಿನಿಂದ ಬಂದು ಸದ್ದಿಲ್ಲದೆ ಸರಿಮಾಡಿ ಹೋಗಿದ್ದಾರೋ, ಅವಳಿಗೆ ತಿಳಿಯುವ ದಾರಿಯಿರಲಿಲ್ಲ.

"ಹಾಗಾದ್ರೆ ಸರಿ," ಎಂದಳು. ಕೈ ಒರೆಸಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟೆಯ ಮೇಲಿಟ್ಟಳು. ಅದು ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಹೋಗಲಿಲ್ಲ.